ಪೊಲೊಜೊವ್‌ನ ಸಹಿ, ನನ್ನ ಮೊಣಕೈ

ಇತಿಹಾಸವನ್ನು ಹರಾಜಿಗಿಡುವುದೆಂದು ಆ ವಸಂತದಲ್ಲಿ ನಾನು ತೀರ್ಮಾನಿಸಿದೆ! ಸಣ್ಣಪುಟ್ಟ ಇತಿಹಾಸವಲ್ಲ, ಸಾಕ್ಷಾತ್ ಗಗನದ ಇತಿಹಾಸ! ಬೈಕೊನೂರಿನ ಉಡಾವಣಾ ಕೇಂದ್ರದಲ್ಲಿ ಗಗನಯಾತ್ರಿಗಳನ್ನು ರಾಕೆಟ್ಟಿನ ಬುಡದವರೆಗೆ ಬಸ್ಸಿನಲ್ಲಿ ಬಿಟ್ಟುಬರುತ್ತಿದ್ದವನು ನಾನೇ. ಅಲ್ಲಿಂದ ಮುಂದಿನ ಸ್ವಲ್ಪ ದೂರವನ್ನಷ್ಟೇ ಬೇರೆಯವರು ನೋಡಿಕೊಳ್ಳುತ್ತಿದ್ದರು. ಹೊರಡುವ ಮುನ್ನ ಒಬ್ಬೊಬ್ಬರೂ ಫೋಟೋದ ಮೇಲೆ ಸಹಿ ಹಾಕಿ ನನ್ನ ಕೈಗಿಟ್ಟಿದ್ದರು. ಅವೆಲ್ಲ ನಮ್ಮ ನಡುಮನೆಯ ದೊಡ್ಡ ಗೋಡೆಯ ಮೇಲೆ ಸಾಲಾಗಿ ನಗುತ್ತಿದ್ದವು.

ನಗದಿದ್ದವಳು ಒಬ್ಬಳೇ, ನನ್ನ ಹೆಂಡತಿ ಕುಲ್ಯಾಶ್. ಮದುವೆಯಲ್ಲಿ ಅವಳ ತಾಯಿ ಕೊಟ್ಟ ಕಸೂತಿಯ ಗೋಡೆಪರದೆ ಗಗನವೀರರ ದೆಸೆಯಿಂದ ಪೆಟ್ಟಿಗೆಯೊಳಗೇ ಮುದುಡಿ ಕೂತಿತ್ತು.

"ಯಾರ್ರೀ ಇವರೆಲ್ಲ? ನಿಮ್ಮ ಚಿಕ್ಕಪ್ಪಂದಿರಾ? ದಿನಾ ಧೂಳು ಒರೆಸೋಳು ನಾನು!"

"ಒಂದೊಂದಕ್ಕೂ ಕುದುರೆ ಬೆಲೆ ಇದೆ ಕಣೇ!"

"ಹಾಗಾದ್ರೆ ಒಂದನ್ನ ಮಾರಿ ದುಡ್ಡು ತಂದು ತೋರಿಸಿ. ಗೋಡೆ ನಿಮ್ಮದೇ. ಆಗ್ಲಿಲ್ವೋ, ಅಷ್ಟೂ ಜನ ಕುರಿ ಕೊಟ್ಟಿಗೆಗೆ!"

ಪಂದ್ಯ ಬಿತ್ತು. ಗೋಡೆಯ ಮಾನ ಉಳಿಸಲು ಪೊಲೊಜೊವ್‌ನನ್ನೇ ಕಣಕ್ಕಿಳಿಸಿದೆ. ಗಗನಪೋಷಾಕಿನಲ್ಲಿ, ಬಸ್ಸಿನ ಬಾಗಿಲಲ್ಲಿ ಕೈ ಎತ್ತಿ ನಿಂತ ಫೋಟೋ. ಬಾಗಿಲು ಹಿಡಿದಿದ್ದ ನಾನೂ ಅದರಲ್ಲಿದ್ದೇನೆ, ಅಂಚಿನಲ್ಲಿ, ಮೊಣಕೈಯಷ್ಟು. "ಗಗನಯಾತ್ರಿ ಪೊಲೊಜೊವ್, ಸ್ವಹಸ್ತದ ಸಹಿ, ಜೊತೆಗೆ ಐತಿಹಾಸಿಕ ಮೊಣಕೈ" ಎಂದು ಬರೆದು ಇಂಟರ್‌ನೆಟ್ಟಿನ ಹರಾಜುಕಟ್ಟೆಗೆ ಏರಿಸಿದೆ.

ಮೊದಲ ಪುಣ್ಯಾತ್ಮ ಬೆಲೆ ಕೂಗಲಿಲ್ಲ. "ಆ ಮೊಣಕೈ ಕತ್ತರಿಸಿ ಕೊಡ್ತೀರಾ?" ಎಂದು ಕೇಳಿದ! ಕುಲ್ಯಾಶ್ ಚಹಾ ನೆತ್ತಿಗೇರುವಷ್ಟು ನಕ್ಕಳು.

ಆದರೆ ಆಮೇಲೆ ನೋಡಿ! ಪ್ರಾಗ್‌ನ ಒಬ್ಬನಿಗೂ 'ಒಂಟೆರಾಯ' ಎಂಬ ಹೆಸರಿನ ಇನ್ನೊಬ್ಬನಿಗೂ ಜಿದ್ದು ಬಿತ್ತು. ಬೆಲೆ ಕುರಿಯನ್ನು ದಾಟಿತು. ಹಸುವನ್ನು ದಾಟಿತು. "ಕುದುರೆಯನ್ನೂ ದಾಟಿತು!" ಎಂದು ನಾನು ಅಡುಗೆಮನೆಗೆ ಕೇಳುವಂತೆ ಘೋಷಿಸಿದೆ. ಗೆದ್ದವನು ಒಂಟೆರಾಯ. ಅರಾಲ್ ಕಡೆಯವನಂತೆ, ದುಡ್ಡು ಹಿಡಿದು ತಾನೇ ಬರುತ್ತಾನಂತೆ. ಕುಲ್ಯಾಶ್ ಮರುಮಾತಿಲ್ಲದೆ ಫೋಟೋಗಳ ಧೂಳು ಒರೆಸಿದಳು. ನನ್ನ ಬಾಳಿನಲ್ಲಿ ಅಷ್ಟು ಸವಿಯಾದ ಮೌನ ಇನ್ನೊಂದಿಲ್ಲ.

ಒಂಟೆರಾಯನ ನಿಜವಾದ ಹೆಸರು ಎರ್ಮುಖಾನ್. ಹಸನ್ಮುಖಿ ಮನುಷ್ಯ. ಹೊಸ್ತಿಲ ಆಚೆಯಿಂದಲೇ ಕೋಟಿನ ಜೇಬಿಗೆ ಕೈ ಹಾಕಿ ನೋಟಿನ ಕಟ್ಟು ತೆಗೆದ.

"ತಗೊಳ್ಳಿ ಯಜಮಾನ್ರೇ. ಸಂತೇಲಿ ಕೊಂಡ ಒಂಟೆ ಲಾರೀಲಿ ಕಾಯ್ತಾ ಇದೆ, ಬೇಗ ಹೊರಡ್ತೀನಿ."

"ಹೊಸ್ತಿಲ ಮೇಲೆ ಕೊಡು-ತಗೋ ಮಾಡ್ತಾರೇನಪ್ಪ? ರೊಟ್ಟಿ ಮುರಿಯದೆ ಹೋಗೋದುಂಟೇ? ಬಾ ಒಳಗೆ!"

ಕುಲ್ಯಾಶ್ ನನ್ನ ಬೆನ್ನು ಚಿವುಟಿದಳು. "ಮೊದ್ಲು ದುಡ್ಡು ತಗೊಳ್ರೀ!"

"ಛೆ, ಮರ್ಯಾದೆ ಬೇಡ್ವಾ?" ಎಂದೆ.

ಚಹಾ ಬಂತು, ಕರಿದ ಬೌರ್ಸಾಕ್ ಬಂತು, ಮಾಂಸದ ಹರಿವಾಣವೂ ಬಂತು. ಊಟಕ್ಕೆ ಕೂತವನ ಕುಲ ಕೇಳದಿದ್ದರೆ ನಾನೆಂಥ ಕಜಾಕ್? ಕೇಳಿದೆ. ತಂದೆಯ ಕಡೆಯ ಏಳು ತಲೆಮಾರನ್ನು ಹೇಳಿದ. ನಮಗೂ ಅವರಿಗೂ ನಂಟಿಲ್ಲ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು! ಮುಚ್ಚಲಿಲ್ಲ.

"ಮತ್ತೆ ನಿಮ್ಮಮ್ಮನ ತವರು?"

ಹೇಳಿದ. ಅವನ ತಾಯಿಯ ತಂದೆ ಜಾನುಜಾಕ್, ನನ್ನ ಅಜ್ಜನ ಖಾಸಾ ತಮ್ಮನ ಮಗ!

"ಸೋದರಳಿಯಾ!" ಎಂದು ಚೀರಿ ನಾನು ಅವನನ್ನು ತಬ್ಬಿಕೊಂಡೆ. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಆಗಲೇ ನನಗೆ ಕುಲದ ಕಟ್ಟಳೆ ನೆನಪಾದದ್ದು. ತಾಯಿಯ ತವರಿಗೆ ಬಂದ ಅಳಿಯ ಬೆರಳು ತೋರಿಸಿದ್ದನ್ನು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ, ಬೆಲೆ ಕೇಳುವಂತೆಯೂ ಇಲ್ಲ!

ಪಾಪ, ಅವನಿಗೂ ಸಂಕೋಚವೇ. ನೋಟಿನ ಕಟ್ಟನ್ನು ಮೆಲ್ಲಗೆ ಜೇಬಿಗಿಳಿಸಿದ. "ಏನ್ಮಾಡ್ಲಿ ಮಾವ? ತವರಿನವರ ಮುಂದೆ ದುಡ್ಡು ಹಿಡಿದೆ ಅಂತ ಗೊತ್ತಾದ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸ್ತಾಳಾ?"

ಅಡುಗೆಮನೆಯಲ್ಲಿ ಪಿಸುಗುಟ್ಟಿದೆ: "ಮಾರಾಟ ಆದಂಗೇ ಅಲ್ವೇನೇ?"

"ದುಡ್ಡೆಲ್ಲಿ?"

ನಾನು ಸೌಟಿನ ಕಡೆ ನೋಡಿದೆ.

"ಗೋಡೆ ನಂದು," ಎಂದವಳೇ ನಡುಮನೆಗೆ ನುಗ್ಗಿ ಫೋಟೋಗಳನ್ನು ಒಂದೊಂದಾಗಿ ಇಳಿಸತೊಡಗಿದಳು. "ಒಂದೇ ಕೊಟ್ಟು ಕಳಿಸಿದ್ರೆ ಊರು ಏನಂತದೆ ಅಳಿಯಾ? ಅಷ್ಟೂ ತಗೊಂಡ್ಹೋಗಪ್ಪ, ಕುರಿ ಕೊಟ್ಟಿಗೇಲಿ ಕೊಳೆಯೋದಕ್ಕಿಂತ ವಾಸಿ!"

ನನ್ನ ಗಗನಸೇನೆ ಕಣ್ಣೆದುರೇ ಉಡಾವಣೆಯಾಯಿತು! ಹುಡುಗಾಟವಲ್ಲ, ನನಗೆ ಅಳುವೇ ಬಂತು. ಎರ್ಮುಖಾನನ ಕಣ್ಣೂ ತುಂಬಿತು. ಹೊರಗೆ ಹೋದವನು ಹಗ್ಗ ಹಿಡಿದು ಬಂದ. ಹಗ್ಗದ ಇನ್ನೊಂದು ತುದಿಯಲ್ಲಿ ಹಾಲು ಕರೆಯುವ ಹೆಣ್ಣೊಂಟೆ!

"ಅತ್ತೆ, ಇಷ್ಟು ಕೊಟ್ಟವರ ಮನೆಯಿಂದ ಬರೀ ತಗೊಂಡು ಹೋದ್ರೆ ನನಗೆ ನಿದ್ದೆ ಬರಲ್ಲ. ಇದು ನಿಮಗೆ. ಬೇಡ ಅನ್ನಬೇಡಿ."

ಇಡೀ ಗೋಡೆಯ ಗಗನವೀರರನ್ನು ಹರಾಜು ಹಾಕಿದ್ದರೂ ಅಂಥ ಒಂಟೆ ಬರುತ್ತಿರಲಿಲ್ಲ. ಕುಲ್ಯಾಶ್ ಅದರ ಕುತ್ತಿಗೆ ಸವರುತ್ತಾ ನನ್ನತ್ತ ತಿರುಗಿದಳು. "ನೋಡ್ಕೊಳ್ರೀ. ವ್ಯಾಪಾರ ಅಂದ್ರೆ ಹೀಗೆ."

ಊರೆಲ್ಲ ಸುದ್ದಿಯಾಯಿತು: ಬಸ್ಸಿನ ತೊಕ್ತಾರ್ ಒಂದು ಸಹಿ ಕೊಟ್ಟು ಒಂಟೆ ತಂದ! ನಾನೇಕೆ ತಿದ್ದಲಿ? ಒಂಟೆಹಾಲು ಕುಡಿಯಲು ಬಂದವರಿಗೆಲ್ಲ ಮೀಸೆ ತಿರುವುತ್ತಾ ಹರಾಜಿನ ಗುಟ್ಟು ಬೋಧಿಸಿದೆ.

ಈಗ ಆ ಗೋಡೆಯ ತುಂಬ ನನ್ನ ಅತ್ತೆಯ ಕಸೂತಿ ಮೆರೆಯುತ್ತಿದೆ, ಚೆನ್ನಾಗಿಯೂ ಇದೆ. ಅದರ ನಟ್ಟನಡುವೆ ಒಂದೇ ಒಂದು ಫೋಟೋ. ಒಂಟೆಯ ಪಕ್ಕದಲ್ಲಿ ಕುಲ್ಯಾಶ್, ಥೇಟ್ ಪೊಲೊಜೊವ್‌ನಂತೆ ಕೈ ಎತ್ತಿ ನಿಂತಿದ್ದಾಳೆ. ಕೆಳಗೆ ದಪ್ಪಕ್ಷರದ ಸಹಿ! ಅಕ್ಕಪಕ್ಕದ ಹೆಂಗಸರು ಪ್ರತಿ ಕೇಳಿ ಪಡೆದಿದ್ದಾರೆ.

ಮೊನ್ನೆ ಬಂದ ಅತಿಥಿ ಕೇಳಿದ, "ಫೋಟೋದಲ್ಲಿ ನೀವಿಲ್ವಾ ತೊಕ್ತಾರ್?"

"ಯಾಕಿಲ್ಲ? ಅಂಚಲ್ಲಿ ನೋಡಿ. ಹಗ್ಗ ಹಿಡಿದಿರೋ ಮೊಣಕೈ ನಂದೇ!"

ಅಡುಗೆಮನೆಯಿಂದ ದನಿ ಬಂತು:

"ಅದನ್ನ ಕತ್ತರಿಸಿಬಿಡೋಣ ಅಂತಿದ್ದೆ. ಹಗ್ಗ ಬಿಟ್ರೆ ಒಂಟೆ ಎಲ್ಲಿ ಓಡಿಹೋಗ್ತದೋ ಅಂತ ಸುಮ್ನಿದ್ದೀನಿ!"