ಕುರ್ಚಿಗೆ ಒದಗಿದ ಲ್ಯಾಟಿನ್ ಯೋಗ

ನನ್ನ ಕುರ್ಚಿಯನ್ನು ಮನೆಯಿಂದ ಹೊರಹಾಕುವುದಾಗಿ ನನ್ನ ಹೆಂಡತಿ ಪಣ ತೊಟ್ಟಿದ್ದಳು. ನಾನೂ ಬಿಟ್ಟವನಲ್ಲ. ಸಾಮ್ರಾಜ್ಯಗಳು ಬಿದ್ದಿವೆ, ನನ್ನ ಕುರ್ಚಿ ಬಿದ್ದಿಲ್ಲ. (ಒಂದು ಕಾಲು ಮುರಿದಿದೆ, ಅದು ಬೇರೆ ಮಾತು. ಅದಕ್ಕೆ ಇಟ್ಟಿಗೆಯ ಆಸರೆಯಿದೆ.) ನಾನು ಕೂತು ಕೂತು ಅದರ ಮೆತ್ತೆಯಲ್ಲಿ ಬಿದ್ದಿರುವ ಹಳ್ಳಕ್ಕೆ ನೀರು ತುಂಬಿಸಿದರೆ ದೋಣಿ ಬಿಡಬಹುದು.

"ಗುಜರಿಯವನು ಬರ್ತಿದ್ದಾನೆ. ಒಂದೋ ಅದು ಹೋಗ್ಬೇಕು, ಇಲ್ಲಾ ನೀವು!" ಎಂದು ಅವಳು ಕುರ್ಚಿಗೆ ಪೊರಕೆಯಿಂದ ಬಾರಿಸಿದಳು. ಧೂಳಿನ ಮೋಡದೊಳಗಿಂದ ಒಂದು ಹುಳು ಉದುರಿತು. ಸಾಸಿವೆಯಷ್ಟು ಗಾತ್ರ, ಬೆನ್ನಿಗೊಂದು ನೀಲಿ ಚುಕ್ಕೆ.

ಕಾಫಿಗೆಂದು ಬಂದಿದ್ದ ನನ್ನ ಭಾವಮೈದ ಲೋಟ ಕೆಳಗಿಟ್ಟ. ಅವನು ಸಂಗ್ರಹಾಲಯದ ಕೀಟ ವಿಭಾಗದವನು. ಮದುವೆಗೆ ಬಂದರೂ ಜೇಬಿನಲ್ಲಿ ಭೂತಗನ್ನಡಿ ಇರುತ್ತದೆ. "ಭಾವ, ಇಂಥದ್ದನ್ನ ನಾನು ನೋಡೇ ಇಲ್ಲ!" ಎಂದು ಹುಳುವನ್ನು ಮಾತ್ರೆಯ ಡಬ್ಬಿಗೆ ಹಾಕಿಕೊಂಡು ಓಡಿದ. ಗುಜರಿಯವನನ್ನು ನಾನು ವಾಪಸು ಕಳಿಸಿದೆ.

ತಿಂಗಳುಗಟ್ಟಲೆ ಗ್ರಂಥಗಳನ್ನು ತಡಕಾಡಿ ಭಾವಮೈದ ಮರಳಿ ಬಂದ. "ಹೊಸ ಜಾತಿ ಭಾವ! ಲ್ಯಾಟಿನ್ನಲ್ಲಿ ಎರಡು ಭಾಗದ ಹೆಸರು. ಮೊದಲನೇದು ಕುಲದ್ದು, ಎರಡನೇದು ಜಾತಿಯದು. ನಮಗೆ ಸಿಕ್ಕಿದ ಈ ಹುಳು ಹೋಲೋಟೈಪ್. ಮುಂದೆ ಯಾರಿಗೆ ಅನುಮಾನ ಬಂದ್ರೂ ಇದಕ್ಕೇ ಹೋಲಿಸಿ ನೋಡ್ಬೇಕು."

"ಎರಡನೇ ಭಾಗ ನನ್ನ ಹೆಸರು ತಾನೇ?"

"ಹುಳ ಉದುರಿಸಿದ್ದು ಅಕ್ಕ. ಅಕ್ಕನ ಹೆಸರೇ ಇಟ್ಟಿದ್ದೀನಿ."

ಹೆಂಡತಿ ಪೊರಕೆಯನ್ನು ರಾಜದಂಡದಂತೆ ಹಿಡಿದಳು. ನಾನು ಜಗ್ಗಲಿಲ್ಲ. "ಹೆಸರು ಅವಳಿಗಿರಲಿ. ಹುಳ ಸಿಕ್ಕಿದ ಜಾಗಕ್ಕೇನಂತೀರೋ?"

"ಮೂಲನೆಲೆ. ಅಂದ್ರೆ ನಿಮ್ಮ ಕುರ್ಚಿ."

ಸಾಕಲ್ಲ! ನಾನು ಕುರ್ಚಿಯಿಂದ ದಿಗ್ಗನೆ ಎದ್ದು ನಿಂತು ಗುಡುಗಿದೆ: "ಕೇಳಿದೆಯೇನೇ? ಮೂಲನೆಲೆ! ಇದನ್ನ ಗುಜರಿಗೆ ಹಾಕಿದ್ರೆ ವಿಜ್ಞಾನ ನಿನ್ನ ಕ್ಷಮಿಸಲ್ಲ. ಇನ್ಮೇಲೆ ಇದರ ಒಂದು ಮೊಳೇನೂ ಯಾರೂ ಮುಟ್ಟೋ ಹಾಗಿಲ್ಲ!"

"ಸರಿಯಾಗಿ ಹೇಳಿದ್ರಿ ಭಾವ. ಒಳಗೆ ಇದರ ಬಂಧುಬಳಗ ಇನ್ನೂ ಇರಬಹುದು. ಅದಕ್ಕೇ ವ್ಯಾನ್ ತಂದಿದ್ದೀನಿ."

ಎದ್ದು ನಿಂತದ್ದೇ ತಪ್ಪಾಯಿತು. ಇಬ್ಬರು ಧಡಿಯರು ನನ್ನ ಸಿಂಹಾಸನವನ್ನು ಎತ್ತಿಕೊಂಡು ಹೋದರು. ಇಟ್ಟಿಗೆಯನ್ನೂ ಬಿಡಲಿಲ್ಲ.

ಈಗ ಅದು ಸಂಗ್ರಹಾಲಯದಲ್ಲಿ ಹಗ್ಗದ ಬೇಲಿಯೊಳಗಿದೆ. ಮೊನ್ನೆ ಹೋಗಿ ಹಗ್ಗದಾಚೆಗೆ ಒಂದು ಕಾಲಿಟ್ಟೆ. ಕಾವಲುಗಾರ ಸೀಟಿ ಊದಿದ. "ಯಜಮಾನ್ರೇ, ಕೂರೋ ಹಾಗಿಲ್ಲ."

"ಆ ಹಳ್ಳ ತೋಡಿದ್ದೇ ನಾನು ಕಣಯ್ಯಾ!"

"ಎಲ್ರೂ ಹಾಗೇ ಅಂತಾರೆ," ಎಂದು ನನ್ನ ಕಾಲನ್ನು ಎತ್ತಿ ಈಚೆಗಿಟ್ಟ.

ಆದರೆ ಸೋಲೊಪ್ಪುವ ವಂಶ ನಮ್ಮದಲ್ಲ. ಹೆಂಡತಿ ತಂದ ಹೊಸ ಸೋಫಾವನ್ನು ಧಿಕ್ಕರಿಸಿ, ನನ್ನ ಹಳೇ ಸ್ವೆಟರ್ ತೊಟ್ಟು, ಕುರ್ಚಿಯಿದ್ದ ಜಾಗದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. "ಬ್ರಹ್ಮ ಬಂದ್ರೂ ಇಲ್ಲಿಂದ ಏಳಲ್ಲ!"

ಅವಳು ಹತ್ತಿರ ಬಂದು ನನ್ನ ಕುತ್ತಿಗೆಯ ಕಡೆ ಬಗ್ಗಿ ನೋಡಿದಳು. ಸ್ವೆಟರಿನ ಮೇಲೆ ಒಂದು ನೀಲಿ ಚುಕ್ಕೆ ನಿಧಾನವಾಗಿ ತೆವಳುತ್ತಿತ್ತು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಫೋನ್ ಎತ್ತಿದಳು. "ತಮ್ಮಾ, ನಿನ್ನ ಹುಳದ ಮೂಲನೆಲೆ ಕುರ್ಚಿ ಅಲ್ಲ ಕಣೋ. ವ್ಯಾನ್ ತಗೊಂಡು ಬಾ."