ಟಾಂಗಾಗೆ ಎಷ್ಟು ಪ್ಲೈವುಡ್?

ತನ್ನ ಕೆಲಸದ ಘನತೆ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬುದು ಮೈಸೂರು ಕಡೆಯ ರಘುರಾಮನ ಬಹುಕಾಲದ ಕೊರಗು. ಪುಣೆಯ ಫ್ಲ್ಯಾಟಿನ ಊಟದ ಮೇಜೇ ಅವನ ಕಚೇರಿ. ಪೆಸಿಫಿಕ್ ಸಾಗರದ ಎರಡು ದ್ವೀಪರಾಷ್ಟ್ರಗಳಾದ ಫಿಜಿ ಮತ್ತು ಟಾಂಗಾ ಹೊರಗಿನಿಂದ ತರಿಸುವ ಪ್ಲೈವುಡ್ಡನ್ನು ಹೋಲಿಸಿ ಅವನು ಅಲ್ಲಿ ವರದಿ ಬರೆಯುತ್ತಿದ್ದ. (ಎರಡು ದ್ವೀಪಗಳನ್ನೂ ಅವನು ಕಂಡವನಲ್ಲ. ಪ್ಲೈವುಡ್ಡನ್ನೂ ಸರಿಯಾಗಿ ನೋಡಿದವನಲ್ಲ.)

"ಅದೇನ್ ಬರೀತೀರಿ, ನನಗೂ ಸ್ವಲ್ಪ ಹೇಳ್ರಿ," ಎಂದಳು ಧಾರವಾಡದ ಹೆಂಡತಿ ಉಮಾವತಿ.

"ಅಂತಾರಾಷ್ಟ್ರೀಯ ವಿಚಾರ ಕಣೇ. ನಿನ್ನ ತಲೆಗೆ ಹೋಗಲ್ಲ."

ಉಮಾವತಿ ನಗುನಗುತ್ತಲೇ ಅವನಿಗೆ ಇನ್ನೊಂದು ಲೋಟ ಚಹಾ ತಂದಿಟ್ಟಳು. ಆಗಲೇ ಅವನು ಹೆದರಬೇಕಿತ್ತು.

ಅದೇ ವಾರ ಅತ್ತೆ ಸಾವಂತ್ರವ್ವ ಬಂದಿಳಿದರು. ಮರುದಿನ ಅಳಿಯ ಫೋನಿನಲ್ಲಿ ಕೂಗಾಡುವುದು ಅವರ ಕಿವಿಗೆ ಬಿತ್ತು: "ಇಲ್ಲ ಸರ್, ಟಾಂಗಾ ಚಿಕ್ಕದು! ಅದಕ್ಕೆ ಅಷ್ಟು ಪ್ಲೈವುಡ್ ಹಿಡಿಯಲ್ಲ!"

ಸಾವಂತ್ರವ್ವ ಹುಡುಗಿಯಾಗಿದ್ದಾಗಿನಿಂದ ಟಾಂಗಾದಲ್ಲಿ ಓಡಾಡಿದವರು. ಅಳಿಯ ಕುದುರೆಗಾಡಿ ಕಟ್ಟಿಸುತ್ತಿದ್ದಾನೆಂದು ಅವರಿಗೆ ಹಿಗ್ಗೋ ಹಿಗ್ಗು.

"ಅಳಿಯಂದ್ರ, ಟಾಂಗಾಕ್ಕ ಪ್ಲೈವುಡ್ ಹಚ್ಚಬ್ಯಾಡ್ರಿ. ಮಳ್ಯಾಗ ಉಬ್ತದ. ಸಾಗವಾನಿ ಹಚ್ರಿ."

ಇಯರ್‌ಫೋನು ಸಿಕ್ಕಿಸಿಕೊಂಡಿದ್ದ ರಘುರಾಮ ಏನೂ ಕೇಳಿಸದೆ, "ಆಗಲಿ ಅತ್ತೆ," ಎಂದ.

ಸಾವಂತ್ರವ್ವ ನೆಟ್ಟಗೆ ಕೆಳಗಿನ ಮನೆಗಿಳಿದರು. ಅಲ್ಲಿ ವಾಸವಿದ್ದ, ಹೋಟೆಲ್ ನಡೆಸುವ ಉಡುಪಿ ಕಡೆಯ ಲೀಲಾಕ್ಷಿಯವರ ಮಗ ಅಕ್ಷಯನ ಮದುವೆ ಹತ್ತಿರ ಬಂದಿತ್ತು. ವರನ ಮೆರವಣಿಗೆಗೆ ಅಳಿಯನ ಟಾಂಗಾ ಕಳಿಸುವುದಾಗಿ ಮಾತು ಕೊಟ್ಟೇ ಮೇಲೆ ಬಂದರು.

ರಾತ್ರಿ ಊಟಕ್ಕೆ ಕೂತಾಗ ವಿಷಯ ತಿಳಿದ ರಘುರಾಮ ರೊಟ್ಟಿ ತಟ್ಟೆಯಲ್ಲೇ ಬಿಟ್ಟೆದ್ದ. ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದು ತೋರಿಸಿದ.

"ಟಾಂಗಾ ಅಂದ್ರೆ ದೇಶ ಅತ್ತೆ. ನೋಡಿ, ಇದು."

"ಇದು ಚುಕ್ಕಿ ಅಲ್ಲೇನ್ರಿ?" ಎಂದ ಸಾವಂತ್ರವ್ವನ ಮುಖ ಮೆಲ್ಲಗೆ ಬಾಡಿತು. "ಅಯ್ಯ ಶಿವನ! ಲೀಲಾಕ್ಷಿಯವ್ರಿಗೆ ಯಾವ ಮಾರಿ ತೋರಿಸ್ಲಿ?"

"ತಪ್ಪಾಯ್ತು ಅಂತ ಹೇಳಿಬಿಡಿ."

"ನಮ್ಮವ್ವ ಬಂದು ಇನ್ನೂ ಚೀಲ ಬಿಚ್ಚಿಲ್ಲ, ಆಗ್ಲೇ ತಲಿ ತಗ್ಗಸ್ಬೇಕೇನ್ರಿ?" ಎಂದಳು ಉಮಾವತಿ. "ಅಂತಾರಾಷ್ಟ್ರೀಯ ಮಂದಿ ನೀವು. ಒಂದು ಟಾಂಗಾ ಸಿಗಂಗಿಲ್ಲೇನು?"

ವರದಿ ಮೂಲೆ ಸೇರಿತು. ರಘುರಾಮ ಟಾಂಗಾ ಹುಡುಕುತ್ತ ಪುಣೆಯ ಸುತ್ತಮುತ್ತ ಅಲೆದ. ಭೋಸರಿಯಲ್ಲಿ ಕೇಳಿದರೆ ಟೆಂಪೋ ತೋರಿಸಿದರು. ಲೋಣಾವಳಾಕ್ಕೆ ಹೋದವನು ಅಲ್ಲಿನ ಹೆಸರುವಾಸಿ ಶೇಂಗಾ ಚಿಕ್ಕಿಯನ್ನಷ್ಟೇ ಕಟ್ಟಿಸಿಕೊಂಡು ಬಂದ. ಕೊನೆಗೆ ದೇಹೂ ರೋಡಿನ ಆಚೆ ಒಂದು ಮುದಿ ಟಾಂಗಾ, ಅದಕ್ಕಿಂತ ಮುದಿಯಾದ ಕುದುರೆ ಸಿಕ್ಕವು. ಬ್ಯಾಂಡಿನ ಸದ್ದಿಗೆ ಕುದುರೆ ಬೆದರುತ್ತದೆ, ಮುಂದೆ ಒಬ್ಬರು ಲಗಾಮು ಹಿಡಿದೇ ನಡೆಯಬೇಕು ಎಂದು ಗಾಡಿಯವನು ಷರತ್ತು ಹಾಕಿದ.

ಹೀಗಾಗಿ ಮದುವೆಯ ದಿನ ಮದುಮಗ ಟಾಂಗಾದಲ್ಲಿ. ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಸಾವಂತ್ರವ್ವ. ಮುಂದೆ ರೇಷ್ಮೆ ಜುಬ್ಬಾ ತೊಟ್ಟು ಲಗಾಮು ಹಿಡಿದ ರಘುರಾಮ. ಬೀದಿಗೆ ಬೀದಿಯೇ ಮೊಬೈಲೆತ್ತಿ ವಿಡಿಯೋ ತೆಗೆಯಿತು. ರಘುರಾಮನಿಗೆ ತಡೆಯಲಾಗಲಿಲ್ಲ; ಪಕ್ಕದಲ್ಲಿ ನಡೆಯುತ್ತಿದ್ದ ವರನ ತಾಯಿಯತ್ತ ವಾಲಿದ.

"ಲೀಲಾಕ್ಷಿಯಮ್ಮ, ನಿಜ ಹೇಳಿಬಿಡ್ತೀನಿ. ಈ ಟಾಂಗಾ ನಂದಲ್ಲ. ನಾನು ಬರೀತಿರೋ ಟಾಂಗಾ ಒಂದು ದೇಶ."

"ಗೊತ್ತುಂಟು ಮಾರಾಯ್ರೆ," ಎಂದರು ಲೀಲಾಕ್ಷಿ. "ನಿಮ್ಮತ್ತೆ ಮಾತು ಕೊಟ್ಟ ರಾತ್ರಿಯೇ ಉಮಾವತಿ ಬಂದು ಹೇಳಿದ್ದಾರೆ. ನಾವು ಕಾರು ಹೇಳಿ ಆಗಿತ್ತು. 'ಬೇಡ, ನಮ್ಮೆಜಮಾನ್ರು ಹೇಗಾದ್ರೂ ಟಾಂಗಾ ತಂದೇ ತರ್ತಾರೆ' ಅಂತ ಅವರೇ ತಡೆದದ್ದು."

ರಘುರಾಮ ಗಕ್ಕನೆ ತಿರುಗಿ ನೋಡಿದ. ಹೆಂಗಸರ ಗುಂಪಿನಲ್ಲಿ ಉಮಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಭಕ್ತಿಯಿಂದ ಆಕಾಶ ನೋಡುತ್ತಿದ್ದಳು. ಏನೋ ಅನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಬ್ಯಾಂಡು ಮೊಳಗಿತು, ಕುದುರೆ ಬೆದರಿ ಅವನನ್ನೂ ಎಳೆದುಕೊಂಡು ಓಡಿತು.

"ಗಟ್ಟಿ ಹಿಡೀರಿ, ಅಳಿಯಂದ್ರ!" ಎಂದು ಮೇಲಿನಿಂದ ಸಾವಂತ್ರವ್ವ ಹುರಿದುಂಬಿಸಿದರು.