ಶಾಲಣ್ಣನ ಅಕ್ಕ

ಮಾತು ಕಡಿಮೆ ಇರುವವರಿಗೆ ಸಿಟ್ಟೂ ಕಡಿಮೆ ಎಂದು ಜನ ತಿಳಿದುಕೊಂಡಿದ್ದಾರೆ. ಹಾಗೇನೂ ಇಲ್ಲ. ಮಾತಾಡುವವರ ಸಿಟ್ಟು ಬಾಯಿಯಿಂದ ಹೊರಗೆ ಹೋಗಿ ಮುಗಿಯುತ್ತದೆ. ನಮ್ಮಂಥವರದ್ದು ಒಳಗೇ ಕೂತು ಭರಣಿಯ ಉಪ್ಪಿನಕಾಯಿಯ ಹಾಗೆ ಬಲಿಯುತ್ತದೆ. ನಾನು ಹಳ್ಳಿಶಾಲೆಯಲ್ಲಿ ಐದನೇ ಕ್ಲಾಸು ಕಲಿತು, ಆಮೇಲೆ ಬಾಗಿಲ ಸಂದಿಯಲ್ಲಿ ನಿಂತೇ ಬದುಕಿದ ಹೆಂಗಸು. ಕಂಕನಾಡಿ ಮಾರ್ಕೆಟ್ಟಿನಲ್ಲಿ ಕೊಳೆತ ಟೊಮೆಟೊ ಚೀಲಕ್ಕೆ ಬಿದ್ದರೆ ಅಂಗಡಿಯವನಿಗೆ ಒಂದು ಮಾತು ಹೇಳದೆ, ಮನೆಗೆ ಬಂದು ಟೊಮೆಟೊಗೆ ಬೈಯುವವಳು. ಇಂಥ ನನಗೆ ಈಗ ಒಂದು ಕಾರ್ಟೂನಿನ ಮೇಲೆ ಸಿಟ್ಟು ಬಂದಿದೆ. ಪ್ರಶಾಂತ, ಶೈಲಾ, ಮೊನ್ನೆ ಊಟಕ್ಕೆ ಕೂತಾಗ ನೀವಿಬ್ಬರೂ ಜಗಳವಾಡಿದಿರಲ್ಲ, ಹೊಸ ಶಾಲಣ್ಣ ಹಳೆಯ ಶಾಲಣ್ಣನಿಗೆ ಸಮವೋ ಅಲ್ಲವೋ ಎಂದು? ನನ್ನನ್ನೂ ಕೇಳಿದಿರಿ. ನಾನು ಸಾರು ಬಡಿಸಿ ಒಳಗೆ ಹೋದೆ. ಬಾಯಲ್ಲಿ ಹೇಳಲು ನನಗಾಗುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಸಮವಲ್ಲ. ಹತ್ತಿರವೂ ಇಲ್ಲ.

ಹಳೆಯ ಶಾಲಣ್ಣ ನಮ್ಮ ಮನೆಗೆ ಬಂದದ್ದು ನಿಮ್ಮ ಅಪ್ಪ ಮಸ್ಕತ್ತಿನಿಂದ ತಂದ ಕಲರ್ ಟಿ.ವಿ.ಯ ಜೊತೆಯಲ್ಲಿ. ಆದಿತ್ಯವಾರ ಬೆಳಿಗ್ಗೆ ಆ ಕಾರ್ಟೂನು. ಟೆರೇಸಿನ ಮೇಲೆ ಒಬ್ಬರು ಆಂಟೆನಾ ತಿರುಗಿಸುವುದು, ಕೆಳಗಿನಿಂದ ಒಬ್ಬರು "ಬಂತು, ಬಂತು, ಹೋಯ್ತು" ಎನ್ನುವುದು. ಕೊನೆಗೆ ಚಿತ್ರ ಬಂದಾಗ ಕಂಡದ್ದು ಕೆಂಪು ಶಾಲು ಹೊದ್ದುಕೊಂಡು ಆಕಾಶದಲ್ಲಿ ಹೋಗುವ ಒಬ್ಬ ಗಂಡಸು. ಅವನ ನಿಜವಾದ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲವೂ ಹಿಂದಿ. ನಮ್ಮ ಮನೆಯಲ್ಲಿ ತುಳು ಉಂಟು, ಹೊರಗೆ ಕನ್ನಡ ಉಂಟು, ಬಸ್ಸಿನಲ್ಲಿ ಕೊಂಕಣಿ ಕಿವಿಗೆ ಬೀಳುವುದುಂಟು. ಹಿಂದಿ ಯಾರಿಗೂ ಇರಲಿಲ್ಲ. ಸನ್ಮಾನ ಮಾಡಿ ಶಾಲು ಹೊದೆಸಿದವರು ಅದನ್ನು ತೆಗೆಯಲು ಮರೆತ ಹಾಗೆ ಅವನು ಹೋಗುತ್ತಿದ್ದುದರಿಂದ ನಾನು ಶಾಲಣ್ಣ ಎಂದೆ. ನೀವೂ ಹಾಗೆಯೇ ಕರೆದಿರಿ. "ಅವ ಎಂತ ಹೇಳಿದ ಅಜ್ಜಿ?" ಎಂದು ಶೈಲಾ ಕೇಳಿದಳು. ನಾನು ಅಡುಗೆಮನೆಯ ಬಾಗಿಲಿನಿಂದಲೇ ಹೇಳಿದೆ, "ಗದ್ದೆಯ ಗಡಿಕಲ್ಲು ಕಿತ್ತವನು ಯಾರು ಅಂತ ಕೇಳ್ತಿದ್ದಾನೆ." ಆವತ್ತು ಶುರುವಾದದ್ದು.

ಮುಂದಿನ ವಾರ ನೀವು ನನ್ನ ಸೆರಗು ಹಿಡಿದು ಎಳೆದು ತಂದು ಚಾವಡಿಯ ನಡುವಿನ ಕುರ್ಚಿಯಲ್ಲಿ ಕೂರಿಸಿದಿರಿ. ಆ ಕುರ್ಚಿಯಲ್ಲಿ ನಾನು ಅದುವರೆಗೆ ಕೂತದ್ದು ಇಲ್ಲ, ಧೂಳು ಒರೆಸಿದ್ದು ಮಾತ್ರ. ಹಿಂದಿನ ಮನೆಯ ಗಿರಿಜಕ್ಕ ಮಕ್ಕಳನ್ನು ಕಟ್ಟಿಕೊಂಡು ಬರಲು ಹಿಡಿದಳು. ಅವಳ ಗಂಡನೂ ಗಲ್ಫಿನಲ್ಲಿ, ಅವಳ ಮನೆಯಲ್ಲೂ ಟಿ.ವಿ. ಉಂಟು. ನಿಮ್ಮ ಅಮ್ಮ, ನನ್ನ ಮಗಳು ಜಯಂತಿ ಕೇಳಿಯೇ ಬಿಟ್ಟಳು, "ಅಲ್ಲ ಗಿರಿಜಕ್ಕ, ನಿಮ್ಮ ಟಿ.ವಿ. ಹಾಳಾಗಿದೆಯಾ?" ಗಿರಿಜಕ್ಕ ಹೇಳಿದಳು, "ಇಲ್ಲ ಮಾರಾಯ್ತಿ, ಚಂದ ಬರ್ತದೆ. ಆದ್ರೆ ಅದರಲ್ಲಿ ಕಥೆ ಬರುದಿಲ್ಲ." ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಒಮ್ಮೆ ಶಾಲಣ್ಣ ಕಡಿದಾದ ಗುಡ್ಡದಿಂದ ಬೀಳುತ್ತಿರುವಾಗ ಕರೆಂಟು ಹೋಯಿತು. ಕತ್ತಲಾದ ಪೆಟ್ಟಿಗೆಯ ಮುಂದೆ ಯಾರೊಬ್ಬರೂ ಏಳಲಿಲ್ಲ. ನಾನು ಅವನನ್ನು ಬೀಳದ ಹಾಗೆ ಹಿಡಿದು, ಮನೆಗೆ ತಂದು, ಗಂಜಿ ಊಟ ಮಾಡಿಸಿ ಮಲಗಿಸಿದೆ. ಕರೆಂಟು ಬಂದಾಗ ಟಿ.ವಿ.ಯಲ್ಲಿ ವಾರ್ತೆ ಓದುತ್ತಿದ್ದರು. ಅವರಿಗೆ ಶಾಲಣ್ಣನ ವಿಷಯ ಏನೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಶಾಲಣ್ಣನ ಮನೆಯಲ್ಲಿ ಒಬ್ಬಳು ಹೆಂಗಸು ಇದ್ದಳು, ನಿಮಗೆ ನೆನಪಿರಬೇಕು. ಎತ್ತರದ ಆಳು, ಬಿಗಿಯಾದ ತುರುಬು. ಅವಳು ಗೋಡೆಯಲ್ಲಿ ಏನೋ ಒತ್ತಿದರೆ ಮಾತ್ರ ಬಾಗಿಲು ತೆರೆಯುವುದು. ಅವನು ಗಾಯ ಮಾಡಿಕೊಂಡು ಬಂದರೆ ಮದ್ದು ಹಚ್ಚುವುದು ಅವಳು. ಹೊರಡುವ ಮೊದಲು ಅವನು ಅವಳ ಹತ್ತಿರ ಏನೋ ಕೇಳುತ್ತಿದ್ದ, ಅವಳು ತಲೆ ಆಡಿಸಿದ ಮೇಲೆಯೇ ಹಾರುತ್ತಿದ್ದ. ಇವಳು ಯಾರೆಂದು ನೀವು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಗಂಡಸು ಹಾರುವ ಮೊದಲು ಕೇಳುವುದಾದರೆ ಅಕ್ಕನನ್ನಲ್ಲದೆ ಯಾರನ್ನು ಕೇಳುತ್ತಾನೆ? ಹೆಂಡತಿಯನ್ನು ಕೇಳಿ ಹೊರಟ ಗಂಡಸನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಒಂದು ಸಲ ಅವನು ಅವಳ ಸೊಂಟ ಹಿಡಿದುಕೊಂಡು ಮೋಡದ ಮೇಲೆ ಹೋದದ್ದು ಉಂಟು. ಗಿರಿಜಕ್ಕ ನನ್ನ ಮುಖ ನೋಡಿದಳು. "ಪಾಪ, ಅಕ್ಕನಿಗೆ ಎತ್ತರ ಅಂದ್ರೆ ತಲೆ ತಿರುಗ್ತದೆ" ಎಂದೆ. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಇಲ್ಲಿ ಒಂದು ಮನೆಯ ವಿಷಯ ಹೇಳಬೇಕು. ನೀವು ಸಣ್ಣವರು, ನಿಮಗೆ ಯಾರೂ ಹೇಳಿರಲಾರರು. ನಮ್ಮ ಅಳಿಯಕಟ್ಟಿನಲ್ಲಿ ಮನೆ ಅಪ್ಪನಿಂದ ಮಗನಿಗೆ ಹೋಗುವುದಲ್ಲ. ಸೋದರಮಾವನಿಂದ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುವುದು. ಗಂಡ ಸತ್ತರೆ ಹೆಣ್ಣು ಹೋಗಿ ಕೂರಲು ಒಂದು ಚಾವಡಿ ಇರುತ್ತಿತ್ತು, ಅದು ಯಾರೂ ಕೊಟ್ಟ ಭಿಕ್ಷೆಯಲ್ಲ. ಆಮೇಲೆ ಕಾನೂನು ಬದಲಾಯಿತು. ಉಳ್ಳಾಲದ ನಮ್ಮ ಮನೆಯನ್ನು ನನ್ನ ತಮ್ಮ ಸಂಜೀವ, ನೀವು ಸಂಜೀವಜ್ಜ ಎನ್ನುವವನು, ತನ್ನ ಮಗನ ಹೆಸರಿಗೆ ಮಾಡಿದ. ನನ್ನನ್ನು ಕೇಳಲಿಲ್ಲ. ಬರೆದಾದ ಮೇಲೆ ಸಹಿ ಹಾಕಲು ಕರೆದ. ತೋರಿಸಿದ ಕಡೆ ಹಾಕಿದೆ, ಬಂದವರಿಗೆಲ್ಲ ಚಾ ಮಾಡಿದೆ, ಲೋಟ ತೊಳೆದಿಟ್ಟೆ. ಎರಡು ಮಳೆಗಾಲ ಕಳೆದು ನಿಮ್ಮ ಅಜ್ಜ ತೀರಿಕೊಂಡಾಗ ನಾನು ಬಂದದ್ದು ಈ ನಿಮ್ಮ ಬಾಡಿಗೆ ಮನೆಗೆ. ಸಂಜೀವ ಹಬ್ಬಕ್ಕೆ ಬರುತ್ತಾನೆ, ಮೀನು ತರುತ್ತಾನೆ, "ಅಕ್ಕ, ಆರೋಗ್ಯವಾ?" ಎನ್ನುತ್ತಾನೆ. ನಾನು "ಹ್ಞಾಂ" ಎನ್ನುತ್ತೇನೆ. ಅಷ್ಟೇ ನಮ್ಮ ಮಾತು.

ಹಳೆಯ ಕಾರ್ಟೂನು ಮುಗಿಯಿತು. ಅದರದ್ದೇ ಮುಂದಿನದು ಹೊಸತಾಗಿ ಬರುತ್ತದೆ ಎಂದು ಪ್ರಶಾಂತ ಶಾಲೆಯಿಂದ ಸುದ್ದಿ ತಂದ. ಮೊದಲ ದಿನ ಸಂಜೀವನೂ ಅವನ ಹೆಂಡತಿ ವಿಮಲಳೂ ಬಂಗುಡೆ ಮೀನು ಹಿಡಿದುಕೊಂಡು ಬಂದಿದ್ದರು. ವಿಮಲ ಹುಟ್ಟಿ ಬೆಳೆದದ್ದು ಬೊಂಬಾಯಿಯಲ್ಲಿ, ಅಪ್ಪನದ್ದು ಅಲ್ಲಿ ಕ್ಯಾಂಟೀನು. ಅವಳಿಗೆ ಹಿಂದಿ ಬರುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಅದರಿಂದ ನಮಗೆ ಅಪಾಯ ಉಂಟು ಎಂದು ಹೊಳೆದಿರಲಿಲ್ಲ.

ಶುರುವಾಯಿತು. ಎಂಥದ್ದು ಅದು? ಹಳೆಯ ಶಾಲಣ್ಣ ಹಾರುವ ಮೊದಲು ಮೆಟ್ಟಿಲು ಇಳಿಯುತ್ತಿದ್ದ, ಆಚೆ ಈಚೆ ನೋಡುತ್ತಿದ್ದ, ಶಾಲು ಸರಿ ಮಾಡಿಕೊಳ್ಳುತ್ತಿದ್ದ. ಈ ಹೊಸ ಹುಡುಗ ಕಿಟಕಿಯಿಂದಲೇ ಹೊರಟ. ಮೈತುಂಬಾ ದೀಪ, ಮದುವೆ ಮನೆಯ ಚಪ್ಪರದ ಹಾಗೆ. ಶಾಲು ಮೊಣಕೈವರೆಗೆ, ತಲೆ ಒರೆಸಲೂ ಸಾಲದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂರು ಕಟ್ಟಡ ಬಿತ್ತು. ಯಾರ ಕಟ್ಟಡ, ಒಳಗೆ ಯಾರಾದರೂ ಅನ್ನಕ್ಕೆ ಇಟ್ಟಿದ್ದರಾ, ಕೇಳುವವರಿಲ್ಲ. ಶಾಲಣ್ಣ ಒಂದು ಹಂಚು ಒಡೆದರೆ ಬೇಜಾರು ಮಾಡಿಕೊಳ್ಳುತ್ತಿದ್ದ. ಇವನು ರಸ್ತೆ ದಾಟುವ ಚಂದ ನೋಡಿ ನನಗೆ ಅನಿಸಿತು, ಇವನನ್ನು ಒಮ್ಮೆ ನಂತೂರಿನಲ್ಲಿ ಲಾರಿಗಳ ನಡುವೆ ಇಳಿಸಿ ನೋಡಬೇಕು ಎಂದು. ಸಂಗೀತವೋ, ಪಾತ್ರೆ ಅಂಗಡಿಗೆ ದನ ನುಗ್ಗಿದ ಹಾಗೆ. ಆದರೂ ನಾನು ಮನಸ್ಸು ಗಟ್ಟಿ ಮಾಡಿದೆ. ಹೊಸಬ, ಕಲಿಯುತ್ತಾನೆ ಎಂದುಕೊಂಡೆ.

"ಇವ ಯಾರಜ್ಜಿ?" ಎಂದು ಶೈಲಾ ಕೇಳಿದಳು.

"ಶಾಲಣ್ಣನ ಅಕ್ಕನ ಮಗ. ಅವನಿಗೆ ವಯಸ್ಸಾಯಿತಲ್ಲ, ಮನೆಯೂ ಶಾಲೂ ಇನ್ನು ಇವನಿಗೆ" ಎಂದೆ. ಇದಕ್ಕಿಂತ ಸರಿಯಾದ ಸಂಗತಿ ಇನ್ನೇನು ಇರುತ್ತದೆ?

ವಿಮಲ ಚಕ್ಕುಲಿ ಮುರಿಯುತ್ತಾ ಹೇಳಿದಳು, "ಅಕ್ಕನ ಮಗ ಅಲ್ಲ ಅತ್ತಿಗೆ. ಅವನದ್ದೇ ಮಗ. ಈಗ ಹೇಳಿದ್ರಲ್ಲ."

"ಅವನಿಗೆ ಮದುವೆಯೇ ಆಗ್ಲಿಲ್ಲ."

"ಆಗಿದೆ ಅತ್ತಿಗೆ. ಅಲ್ಲಿ ಗೋಡೆಯಲ್ಲಿ ಫೋಟೋ ಉಂಟಲ್ಲ, ತುರುಬು ಕಟ್ಟಿದವಳು, ಅವಳೇ ಹೆಂಡತಿ."

ಚಾವಡಿಯಲ್ಲಿದ್ದ ಮಕ್ಕಳೆಲ್ಲ ಟಿ.ವಿ. ಬಿಟ್ಟು ನನ್ನ ಕಡೆ ತಿರುಗಿದರು. ಗಿರಿಜಕ್ಕ ಮಾತ್ರ ನೆಲ ನೋಡಿದಳು. ಅವಳಿಗೆ ಆ ಮೋಡದ ಪ್ರಯಾಣ ನೆನಪಾಗಿರಬೇಕು.

"ಹಾಗಾದ್ರೆ ಅಕ್ಕ ಎಲ್ಲಿ?" ಎಂದು ಪ್ರಶಾಂತ ಕೇಳಿದ.

"ಅಕ್ಕ ಇಲ್ಲವೇ ಇಲ್ಲ ಮಗಾ" ಎಂದು ವಿಮಲ ನಕ್ಕಳು. "ಅಜ್ಜಿಗೆ ಹಿಂದಿ ಬರುದಿಲ್ಲ, ಅವರು ಅಂದಾಜಿನಲ್ಲಿ ಹೇಳಿದ್ದು."

ಅವಳದ್ದು ಕೆಟ್ಟ ಮನಸ್ಸಲ್ಲ, ಅದನ್ನು ಈಗಲೂ ಹೇಳುತ್ತೇನೆ. ಆದರೆ ಆ 'ಇಲ್ಲವೇ ಇಲ್ಲ' ಎನ್ನುವುದು ನನ್ನ ಎದೆಗೆ ಹೋಗಿ ತಾಗಿತು. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. "ಅಕ್ಕ ಇಲ್ಲ ಅಂದ್ರೆ ಎಂತ ಅರ್ಥ?" ಎಂದೆ. ದನಿ ನನ್ನದು ಎಂದು ನಂಬುವುದು ಕಷ್ಟ, ಬೀದಿಗೆ ಕೇಳಿತಂತೆ. "ಅವನು ಮೈಯೆಲ್ಲ ಗಾಯ ಮಾಡಿಕೊಂಡು ಬಂದಾಗ ಮದ್ದು ಹಚ್ಚಿದ್ದು ಯಾರು? ಬಾಗಿಲು ತೆಗೆದದ್ದು ಯಾರು? ಅವನಿಗೆ ಗಂಜಿ ಹಾಕಿದ್ದು ಯಾರು? ಈಗ ಮಗ ಬಂದ ಕೂಡಲೇ ಅಕ್ಕ ಇಲ್ಲವಾ? ಮನೆಯನ್ನು ಮಗನಿಗೆ ಕೊಡುವಾಗ ಅವಳನ್ನು ಒಂದು ಮಾತು ಕೇಳಿದ್ನಾ ಅವ? ಅವಳು ಬೇಡ ಅಂತ ಹೇಳ್ತಿದ್ಲಾ? ಕೇಳಿದ್ರೆ ಸಾಕಿತ್ತು ಅವಳಿಗೆ. ಕೇಳ್ಬೇಕಿತ್ತು."

ಮಕ್ಕಳೇ, ದೇವರಾಣೆಗೂ ನಾನು ಮಾತಾಡಿದ್ದು ಕಾರ್ಟೂನಿನ ವಿಷಯ. ಮುಗಿದ ಮೇಲೆ ನೋಡಿದರೆ ಜಯಂತಿ ಬಾಗಿಲಿಗೆ ಒರಗಿ ನಿಂತಿದ್ದಳು, ವಿಮಲಳ ಕೈಯಲ್ಲಿ ಚಕ್ಕುಲಿ ಹಾಗೆಯೇ ಇತ್ತು, ಟಿ.ವಿ.ಯಲ್ಲಿ ಮತ್ತೊಂದು ಕಟ್ಟಡ ಬೀಳುತ್ತಿತ್ತು. ಸಂಜೀವ ಚಾದ ಲೋಟದೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ನೋಡುತ್ತಾ ಕೂತಿದ್ದ. ಆಮೇಲೆ ಲೋಟ ಕೆಳಗಿಟ್ಟು ಹೇಳಿದ, "ಹೌದು ಅಕ್ಕ. ಶಾಲಣ್ಣನದ್ದು ತಪ್ಪು. ಕೇಳ್ಬೇಕಿತ್ತು ಅವ."

ಸಿಟ್ಟು ಮಾಡಿ ಅಭ್ಯಾಸವಿಲ್ಲದವರಿಗೆ, ಮಾಡಿದ ಮೇಲೆ ಎಲ್ಲಿ ನಿಲ್ಲಬೇಕು ಎನ್ನುವುದೂ ಗೊತ್ತಿರುವುದಿಲ್ಲ. ಒಳಗೆ ಹೋಗಿ ಬಂಗುಡೆಯ ಸಾರಿಗೆ ಎರಡನೆಯ ಸಲ ಉಪ್ಪು ಹಾಕಿದೆ. ಆ ದಿನ ಅದನ್ನು ಎಲ್ಲರೂ ಉಂಡರು, ಸಂಜೀವ ಇನ್ನೊಮ್ಮೆ ಹಾಕಿಸಿಕೊಂಡ.

ಮುಂದಿನ ಆದಿತ್ಯವಾರ ಅವನು ಒಬ್ಬನೇ ಬಂದ. ಮೀನಿಲ್ಲ, ಹಬ್ಬವಿಲ್ಲ. ಕುರ್ಚಿ ಎಳೆದು ನನ್ನ ಪಕ್ಕದಲ್ಲಿ ಹಾಕಿಕೊಂಡ. ಹೊಸ ಹುಡುಗ ಏನನ್ನೋ ಒಡೆಯುತ್ತಿರುವಾಗ ಮೆಲ್ಲಗೆ ಕೇಳಿದ, "ಆ ಅಕ್ಕ ಈಗ ಎಲ್ಲಿದ್ದಾಳೆ?"

"ಮಗಳ ಮನೆಯಲ್ಲಿ" ಎಂದೆ.

"ಕರೆದ್ರೆ ಬರ್ತಾಳಾ? ಒಂದು ನಾಲ್ಕು ದಿನಕ್ಕೆ?"

"ಅವಳಿಗೆ ಸಿಟ್ಟು ಉಂಟು."

"ಇರ್ಲಿ. ಸಿಟ್ಟು ಹಿಡ್ಕೊಂಡೇ ಬರ್ಲಿ. ಜಾಗ ಉಂಟು."

ಅದಕ್ಕೆ ನಾನು ಉತ್ತರ ಇನ್ನೂ ಕೊಟ್ಟಿಲ್ಲ. ಮಗನ ಹೆಸರಿನಲ್ಲಿರುವ ಮನೆಗೆ ನಾಲ್ಕು ದಿನದ ನೆಂಟಳಾಗಿ ಹೋಗುವುದು ಆ ಅಕ್ಕನಿಗೆ ಮರ್ಯಾದೆಯೋ ಅಲ್ಲವೋ ಎಂದು ಅವಳು ಇನ್ನೂ ಯೋಚಿಸುತ್ತಿದ್ದಾಳೆ. ಮನೆ ಹೋದದ್ದು ಹೋಯಿತು. ಕೇಳದೇ ಇದ್ದದ್ದು ಒಂದು ಲೋಟ ಚಾ ಕುಡಿಯುವುದರೊಳಗೆ ಸರಿಯಾಗುವುದಿಲ್ಲ. ಆದರೆ ಸಂಜೀವ ಒಂದು ಆದಿತ್ಯವಾರವೂ ತಪ್ಪಿಸುವುದಿಲ್ಲ. ಈಗ ವಿಮಲಳೂ ಬರುತ್ತಾಳೆ, ಬಂದು ಹಿಂದಿಯನ್ನು ಬಾಯೊಳಗೇ ಇಟ್ಟುಕೊಂಡು ಕೂರುತ್ತಾಳೆ. ಅದು ಅವಳಿಗೆ ಎಷ್ಟು ಕಷ್ಟ ಎಂದು ಮುಖದಲ್ಲಿ ಕಾಣುತ್ತದೆ.

ಆದ್ದರಿಂದ ನಿಮ್ಮ ಜಗಳಕ್ಕೆ ನನ್ನ ತೀರ್ಪು ಇದು: ಹೊಸದು ಹಳೆಯದಕ್ಕೆ ಸಮವಲ್ಲ. ಗದ್ದಲ ಜಾಸ್ತಿ, ಮರ್ಯಾದೆ ಕಡಿಮೆ, ಊಟದ ವಿಷಯ ಇಲ್ಲವೇ ಇಲ್ಲ. ಇದನ್ನು ನಾನು ಬಾಯಿಗೆ ಬಂದ ಹಾಗೆ ಹೇಳುತ್ತಿಲ್ಲ. ಪ್ರತಿ ಆದಿತ್ಯವಾರ ಎಲ್ಲರಿಗಿಂತ ಮೊದಲು ಸ್ನಾನ ಮಾಡಿ, ನಡುವಿನ ಕುರ್ಚಿಯಲ್ಲಿ ಕೂತು, ಒಂದು ವಾರವೂ ಬಿಡದೆ ನೋಡಿ, ಬೈದು, ಖಚಿತ ಮಾಡಿಕೊಂಡಿದ್ದೇನೆ.

ಕಳೆದ ವಾರ ಅದರಲ್ಲಿ ನೆರೆತ ಕೂದಲಿನ ಒಬ್ಬಳು ಹೆಂಗಸು ಬಂದಳು. ವಿಮಲ ಬಾಯಿ ತೆರೆಯುವ ಮೊದಲೇ ಸಂಜೀವ ಮಕ್ಕಳಿಗೆಲ್ಲ ಕೇಳುವ ಹಾಗೆ ಹೇಳಿದ, "ನೋಡಿ, ಅಕ್ಕ ಬಂದ್ಲು." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅವಳ ಕೈಯಲ್ಲಿ ಪೊರಕೆ ಇತ್ತು, ಹುಡುಗ ಅವಳ ಮುಖವನ್ನೂ ನೋಡದೆ ಅಂಗಿ ಬಿಸಾಡಿ ಹೋದ. ಅವಳು ಆ ಮನೆಯ ಕೆಲಸದವಳು ಎಂದು ತಿಳಿಯಲು ಹಿಂದಿ ಬೇಕಾಗಿರಲಿಲ್ಲ. ಪ್ರಶಾಂತ ನನ್ನ ಕಡೆ ತಿರುಗಿ, "ಹೌದಾ ಅಜ್ಜಿ?" ಎಂದ.

"ಹೌದು ಮಗಾ" ಎಂದೆ. "ಮನೆ ಎಷ್ಟು ಕೊಳೆ ಮಾಡಿ ಇಟ್ಟಿದ್ದಾರೆ ನೋಡು, ಅವಳಿಲ್ಲದೆ."